ಜೋಗಿಮಟ್ಟಿ ಚಾರಣಕ್ಕೆ ಹಣ ಕಳುಹಿಸುವ ಮುನ್ನ ಓದಿ

ದಾವಣಗೆರೆ, ಚಿತ್ರದುರ್ಗದ ಗೆಳೆಯರೇ, ‘ಚಂದ್ರವಳ್ಳಿ ಕೆರೆಯಿಂದ ಬೆಟ್ಟದ ಸಾಲಿನ ಮೇಲೆ ಜೋಗಿಮಟ್ಟಿಯವರೆಗೆ ಚಾರಣ, ಅರಣ್ಯ ಇಲಾಖೆಯ ಅನುಮತಿಯೂ ಸೇರಿ ತಲೆಗೆ 900 ರೂಪಾಯಿ’ ಎಂಬ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿದ್ದರೆ ದಯವಿಟ್ಟು ಹಣ ಕಳುಹಿಸಬೇಡಿ. ನಾನು ಕಳುಹಿಸಿದೆ. ನಾಲ್ಕು ಜನಕ್ಕೆ 3,600 ರೂಪಾಯಿ. ಮುಂಗಡವಲ್ಲ, ಪೂರ್ತಿ ಹಣ.

ಜಾಹೀರಾತಿನ ಚಿತ್ರದಲ್ಲಿ ಕಣ್ಣು ಹಾಯುವಷ್ಟು ದೂರ ನೀರಿತ್ತು. ಚಂದ್ರವಳ್ಳಿಯದು ಬಂಡೆಗುಡ್ಡಗಳ ನಡುವಿನ ಸಣ್ಣ ಕೆರೆ. ಮಯೂರಶರ್ಮನ ಶಾಸನ ನೋಡಲು ಶಾಲಾ ಪ್ರವಾಸದಲ್ಲಿ ಹೋದಾಗಿನಿಂದ ಬಲ್ಲೆ. ಚಿತ್ರದಲ್ಲಿದ್ದದ್ದು ಹಿರಿಯೂರಿನ ವಾಣಿವಿಲಾಸ ಸಾಗರ! 2022ರಲ್ಲಿ 89 ವರ್ಷಗಳ ಬಳಿಕ ಅದು ಕೋಡಿ ಬಿದ್ದಾಗ ಮನೆಮಂದಿಯೆಲ್ಲ ಹೋಗಿ ನೋಡಿ ಬಂದಿದ್ದೆವು. ಎರಡನ್ನೂ ಕಣ್ಣಾರೆ ಕಂಡ ನಾನು ಆ ಚಿತ್ರ ನೋಡಿಯೂ ಹಣ ಕಳುಹಿಸಿದೆನಲ್ಲ, ಅದೇ ಈಗ ಚುಚ್ಚುತ್ತಿದೆ.

ಭಾನುವಾರ ಬೆಳಿಗ್ಗೆ ಕೆರೆಯ ಬಳಿ ಜಾಹೀರಾತು ಕೊಟ್ಟು ಹಣ ಪಡೆದಾತ ಬರಲಿಲ್ಲ. ಇಪ್ಪತ್ತು ದಾಟಿರದ ಹುಡುಗನೊಬ್ಬ ಬಂದು, ಈ ದಾರಿಯಲ್ಲಿ ಮುಳ್ಳು ಬೆಳೆದಿದೆ, ಆಡುಮಲ್ಲೇಶ್ವರದ ಕಡೆಯಿಂದ ಹೋಗೋಣ ಎಂದ. ಹೋದೆವು. ಚೆಕ್‌ಪೋಸ್ಟಿನಲ್ಲಿ ಅರಣ್ಯ ಸಿಬ್ಬಂದಿ ತಡೆದರು. ನಾನು ಧೈರ್ಯವಾಗಿ ಮೊಬೈಲ್ ತೆಗೆದು, ಆತ ಹಿಂದಿನ ರಾತ್ರಿ ಕಳುಹಿಸಿದ್ದ ‘ಅನುಮತಿ ಪತ್ರ’ದ ಚಿತ್ರವನ್ನು ತೋರಿಸಿದೆ. ಅವರು ಮತ್ತೊಮ್ಮೆ ನೋಡಿದಾಗ, ‘ಎಲ್ಲ ಸರಿಯಿದೆ, ಬೇಗ ಬಿಡಿ’ ಎಂದು ದನಿ ಏರಿಸಿದೆ ಕೂಡ.

‘ಸಾರ್, ಇದು ಇಲ್ಲಿನ ಕಿರು ಮೃಗಾಲಯದ ಪ್ರವೇಶ ಟಿಕೆಟ್. ಮೇಲಿನ ಸಾಲು ಕತ್ತರಿಸಿದ್ದಾರೆ, ನೋಡಿ’ ಎಂದರು.

ಮೃಗಾಲಯದ ಟಿಕೆಟ್! ‘ಅಪ್ಪಾ, ಮೇಲಿನ ಸಾಲು ಯಾಕೆ ಅರ್ಧ ಕಾಣುತ್ತಿದೆ?’ ಎಂದು ಮಗಳು ರಾತ್ರಿಯೇ ಕೇಳಿದ್ದಳು. ನಿನಗೆ ಇದೆಲ್ಲ ತಿಳಿಯುವುದಿಲ್ಲ, ಮಲಗು ಎಂದಿದ್ದೆ. ಗೇಟಿನ ಮುಂದೆ ಅವಳು ಏನೂ ಹೇಳಲಿಲ್ಲ, ಸುಮ್ಮನೆ ನನ್ನ ಕೈ ಹಿಡಿದುಕೊಂಡಳು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಸಿಬ್ಬಂದಿಯ ಕ್ಷಮೆ ಕೇಳಿದೆ.

ಹುಡುಗ ‘ಅಣ್ಣನನ್ನೇ ಕೇಳಿ’ ಎಂದು ಬೈಕ್ ಹತ್ತಿ ಹೊರಟೇ ಹೋದ. ಆ ‘ಅಣ್ಣ’ನಿಗೆ, ಅಂದರೆ ಜಾಹೀರಾತಿನವನಿಗೆ, ಫೋನ್ ಮಾಡಿದೆ. ‘ಟಿಕೆಟ್ ಅಂದರೆ ಟಿಕೆಟ್ ಸಾರ್, ಯಾವುದಾದರೇನು?’ ಎಂದ. ನಾನು ಕೂಗಿದ ಮೇಲೆ, ‘ಹಿಂದೆ ಅರ್ಧ ಕಿಲೋಮೀಟರ್ ಬನ್ನಿ, ಬೇಲಿ ಮುರಿದಿರುವ ಜಾಗ ಇದೆ, ಅಲ್ಲಿಂದ ನುಗ್ಗಿದರೆ ಯಾರೂ ಕೇಳುವುದಿಲ್ಲ’ ಎಂದ. ಇದು ವನ್ಯಜೀವಿಧಾಮ. ಕರಡಿ, ಚಿರತೆ ಇರುವ ಕಾಡು. ಹತ್ತು ವರ್ಷದ ಮಗುವನ್ನು ಕಟ್ಟಿಕೊಂಡು ಬೇಲಿ ನುಗ್ಗಬೇಕಂತೆ! ಹಣಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಕೆರಳಿಸಿತು. ಈಗ ಬರೆಯುವಾಗಲೂ ಕೈ ನಡುಗುತ್ತಿದೆ.

ಹಣ ವಾಪಸ್ ಕೇಳಿದ್ದಕ್ಕೆ ಸಂಜೆ ವಾಟ್ಸ್‌ಆ್ಯಪಿನಲ್ಲಿ ಬಂದ ಉತ್ತರ: ‘ನಾವು ಹುಡುಗನನ್ನು ಕಳುಹಿಸಿದ್ದೇವೆ, ದಾರಿಯನ್ನೂ ಹೇಳಿದ್ದೇವೆ. ಹತ್ತದೇ ಇದ್ದದ್ದು ನಿಮ್ಮ ತೀರ್ಮಾನ.’ ನಮ್ಮ ತೀರ್ಮಾನವಂತೆ. ಮರುದಿನ ‘ಬೇರೆಯವರು ಯಾರೂ ನಿಮ್ಮ ಹಾಗೆ ಜಗಳ ಮಾಡಿಲ್ಲ’ ಎಂದು ಬರೆದ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ.

ಹೋಗುವುದಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ನೀವೇ ವಿಚಾರಿಸಿ. ಯಾವ ದಾರಿಗೆ ಅನುಮತಿ ಇದೆ ಎಂದು ಅವರ ಬಾಯಿಂದಲೇ ಕೇಳಿ. ಯಾರೋ ಕಳುಹಿಸಿದ ಚಿತ್ರವನ್ನು ನಂಬಬೇಡಿ, ಇಡೀ ಕಾಗದ ನಿಮ್ಮ ಹೆಸರಿನಲ್ಲಿ ನಿಮ್ಮ ಕೈಗೆ ಬರಲಿ. ಪೂರ್ತಿ ಹಣ ಮೊದಲೇ ಕೇಳಿದರೆ ಅಲ್ಲಿಗೇ ಬಿಡಿ.

ನನ್ನ 3,600 ರೂಪಾಯಿ ಇನ್ನೂ ಬಂದಿಲ್ಲ. ನಿನ್ನೆ ರಾತ್ರಿ ಹೆಂಡತಿಯ ಮೊಬೈಲಿಗೆ ಅದೇ ಜಾಹೀರಾತು ಮತ್ತೆ ಬಂದಿದೆ. ಅದೇ ವಾಣಿವಿಲಾಸ ಸಾಗರದ ಚಿತ್ರ, ದರ ಮಾತ್ರ 950 ಆಗಿದೆ.