ಮಗನ ಹೆಬ್ಬೆಟ್ಟು ಒತ್ತಿಸಿ ವಟಮುಖತ್ಯಾರ ಮಾಡಿಸಬ್ಯಾಡ್ರಿ

ಹುಬ್ಬಳ್ಳಿಯ ಒಂದು ಮನೆಯಲ್ಲಿ ಆದದ್ದು. ರೈಲ್ವೆಯಿಂದ ನಿವೃತ್ತರಾದ ಯಜಮಾನರು ತೀರಿಕೊಂಡರು. ಮಗನಿಗೆ ಬುದ್ಧಿಮಾಂದ್ಯ, ವಯಸ್ಸು ಮೂವತ್ತರ ಹತ್ತಿರ. ಅವನ ಹೆಸರಿನ ಠೇವಣಿ ಬಿಡಿಸಲು ತಾಯಿ ಬ್ಯಾಂಕಿಗೆ ಹೋದರೆ, "ಮಗಾ ದೊಡ್ಡಾವ ಆಗ್ಯಾನ್ರಿ, ಅವನ ಸಹಿ ಬೇಕು. ಇಲ್ಲಾಂದ್ರ ಗಾರ್ಡಿಯನ್ ಪತ್ರ ತರ್ರಿ" ಅಂದರು. ಹೊರಗಿದ್ದ ಏಜಂಟ "ಅದೇನ್ ದೊಡ್ಡ ಕೆಲಸರಿ ಅವ್ವಾರ" ಎಂದು ಬಾಂಡ್ ಪೇಪರಿನ ಮೇಲೆ ವಟಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆಸಿ, ಮಗನ ಹೆಬ್ಬೆಟ್ಟು ಒತ್ತಿಸಿ, ನೋಟರಿ ಸಿಕ್ಕಾ ಹೊಡೆಸಿಕೊಟ್ಟ. ಬ್ಯಾಂಕು ಅದನ್ನು ಒಪ್ಪಲಿಲ್ಲ. ಅದೇ ಏಜಂಟ ಮುಂದೆ "ಕೋರ್ಟಿನಿಂದ ತರೋಣು" ಎಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿಸಿದ. ಆ ಕಾಯ್ದೆ ಇರುವುದು 18 ತುಂಬದ ಮಕ್ಕಳಿಗೆ. ರೊಕ್ಕ ಹೋಯಿತು, ದಿನವೂ ಹೋಯಿತು, ಠೇವಣಿ ಇದ್ದಲ್ಲೇ ಇತ್ತು.

ಎಡವಿದ್ದು ಎಲ್ಲಿ? ಹೆತ್ತವರು ಸಹಜ ಪಾಲಕರಾಗಿರುವುದು ಮಕ್ಕಳಿಗೆ 18 ತುಂಬುವವರೆಗೆ ಮಾತ್ರ. ಆಮೇಲೆ ಮಗ ಎಷ್ಟೇ ಅವಲಂಬಿತನಾಗಿದ್ದರೂ ಕಾನೂನಿನ ಕಣ್ಣಿಗೆ ಅವನು ಬೇರೆ ವ್ಯಕ್ತಿ. ವಟಮುಖತ್ಯಾರ ಕೊಡುವವನಿಗೆ ತಾನು ಏನು ಕೊಡುತ್ತಿದ್ದೇನೆ ಎಂಬ ತಿಳಿವಳಿಕೆ ಇರಬೇಕು. 1872ರ ಕರಾರು ಕಾಯ್ದೆ ಹೇಳುವುದೂ ಅದನ್ನೇ. ತಿಳಿವಳಿಕೆ ಇದ್ದರೆ ಅವನೇ ಸಹಿ ಮಾಡಬಹುದಿತ್ತು. ಇಲ್ಲದಿದ್ದರೆ ಅವನ ಹೆಬ್ಬೆಟ್ಟಿಗೆ ಬೆಲೆಯಿಲ್ಲ. ನೋಟರಿ ಸಿಕ್ಕಾ ಎಷ್ಟು ಬಿದ್ದರೂ ಅಷ್ಟೇ.

ಸರಿಯಾದ ದಾರಿ ಇರುವುದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ. ಅದರ 13ನೇ ಕಲಮಿನ ಪ್ರಕಾರ ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುತ್ತಾರೆ. ಪಾಲಕರನ್ನು ನೇಮಿಸುವ ಅಧಿಕಾರ 14ನೇ ಕಲಮಿನಲ್ಲಿದೆ. ಅರ್ಜಿ ಫಾರ್ಮ್ ಎ, ಸಮಿತಿ ಕೊಡುವ ಪತ್ರ ಫಾರ್ಮ್ ಬಿ. ಹುಬ್ಬಳ್ಳಿಯವರು ಚಿಗರಿ ಬಸ್ ಹತ್ತಿ ಧಾರವಾಡದ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು; ಗದಗ, ಹಾವೇರಿಯವರಿಗೆ ಅವರವರ ಜಿಲ್ಲಾ ಕೇಂದ್ರ. ಮೊದಲು ವಿಕಲಚೇತನರ ಇಲಾಖೆಯ ಜಿಲ್ಲಾ ಅಧಿಕಾರಿಯನ್ನು ಕಾಣ್ರಿ. ಹಳ್ಳಿಯವರಾದರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ಇಲ್ಲವೇ ತಾಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರಿಗೆ ಹೇಳ್ರಿ. ಇದಕ್ಕೆ ವಕೀಲರು ಬೇಕೇ ಬೇಕು ಅಂತಿಲ್ಲ, ಏಜಂಟ ಅಂತೂ ಬೇಡವೇ ಬೇಡ. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯ್ದೆಯಲ್ಲೇ ಇದೆ. ಹಾಗಾಗಿ ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ತಗೊಂಡು, ಮುಂದಿನ ಸಭೆ ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ರಿ.

ಅರ್ಜಿ ಹೆಚ್ಚಾಗಿ ಸಿಕ್ಕಿಬೀಳುವುದು ವಿಕಲತೆಯ ಸರ್ಟಿಫಿಕೇಟಿನಲ್ಲಿ. ಈ ಕಾಯ್ದೆ ನಾಲ್ಕಕ್ಕೆ ಮಾತ್ರ ಅನ್ವಯ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವಿಕಲತೆ. ಸರ್ಟಿಫಿಕೇಟಿನಲ್ಲಿ "ಮಾನಸಿಕ ಕಾಯಿಲೆ" ಎಂದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಬುದ್ಧಿಮಾಂದ್ಯ ಬೇರೆ, ಮಾನಸಿಕ ಕಾಯಿಲೆ ಬೇರೆ. ಆದರೆ ಫಾರ್ಮ್ ತುಂಬುವ ಗದ್ದಲದಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಿದ್ದಿರುವುದುಂಟು. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಕೈಗೆ ಬಂದ ಕೂಡಲೇ ಶೇಕಡಾವಾರು ನೋಡುವ ಮೊದಲು ವಿಕಲತೆಯ ಹೆಸರು ಓದಿ ನೋಡ್ರಿ. ತಪ್ಪಿದ್ದರೆ ಅರ್ಜಿಗೂ ಮುಂಚೆ ತಿದ್ದಿಸ್ರಿ. ಇರುವುದು ನಿಜಕ್ಕೂ ಮಾನಸಿಕ ಕಾಯಿಲೆಯೇ ಆದರೆ ಈ ಸಮಿತಿಯ ಬಾಗಿಲು ತಟ್ಟಿ ಉಪಯೋಗವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಪಾಲಕರನ್ನು ನೇಮಿಸುವ ಅವಕಾಶವೇ ಇಲ್ಲ. ಅಂಥವರು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಕಲಮಿನಲ್ಲಿರುವ ಸೀಮಿತ ಪಾಲಕತ್ವ (ಗೊತ್ತುಪಡಿಸಿದ ಕೆಲಸಕ್ಕೆ, ಗೊತ್ತುಪಡಿಸಿದ ಅವಧಿಗೆ ಮಾತ್ರ) ಕೇಳಬೇಕು. ಇಲ್ಲಿ ಒಳ್ಳೆಯ ವಕೀಲರಿಗೆ ಕೊಡುವ ರೊಕ್ಕ ದಂಡವಲ್ಲ.

ಇನ್ನು ಹೆಸರಿನ ತಕರಾರು. ಆಧಾರಿನಲ್ಲಿ ಅಡ್ಡಹೆಸರು ಇರುತ್ತದೆ, ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು ಇರುತ್ತದೆ, ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್. ಮೊದಲು ಇವನ್ನೆಲ್ಲ ಒಂದೇ ರೀತಿ ಮಾಡಿಸ್ರಿ. ತಂದೆ-ತಾಯಿ ಇಬ್ಬರೂ ಇದ್ದರೆ ಜಂಟಿಯಾಗಿ ಅರ್ಜಿ ಹಾಕಬೇಕು. ಒಬ್ಬರು ತೀರಿಹೋಗಿದ್ದರೆ ಮರಣಪತ್ರ ಹಚ್ಚಬೇಕು. ಹೆಣ್ಣುಮಗಳಿಗೆ ಅಣ್ಣನೊಬ್ಬನೇ ಪಾಲಕನಾಗಲು ಬರುವುದಿಲ್ಲ, ಅವನ ಹೆಂಡತಿಯೂ ಜೊತೆಗೆ ಪಾಲಕಿಯಾಗಬೇಕು. ಅತ್ತಿಗೆಯನ್ನು ಕೇಳದೆ ಅರ್ಜಿ ಬರೆಸಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಪಾಲಕ ಪತ್ರ ಸಿಕ್ಕ ಮೇಲೆ ಕಪಾಟಿನಲ್ಲಿಟ್ಟು ಮರೆಯುವವರೇ ಬಹಳ. ನೇಮಕದ ದಿನದಿಂದ 6 ತಿಂಗಳೊಳಗೆ ಮಗನ ಹೆಸರಿನ ಹೊಲ, ಮನೆ, ಬಂಗಾರ, ಠೇವಣಿ, ಸಾಲ, ಬರಬೇಕಾದ ಬಾಕಿ ಎಲ್ಲದರ ಪಟ್ಟಿ ಸಮಿತಿಗೆ ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ, ಅಂದರೆ ಜೂನ್ ಮುಗಿಯುವಷ್ಟರಲ್ಲಿ, ಜಮಾ-ಖರ್ಚಿನ ಲೆಕ್ಕ ಸಲ್ಲಿಸಬೇಕು. ಒಂದು ನೋಟಬುಕ್, ಔಷಧದ ಬಿಲ್ಲು ಇಡುವ ಒಂದು ಚೀಲ ಸಾಕು. ಹಣ ದುರುಪಯೋಗ ಆಗುತ್ತಿದೆ ಎಂದು ಸಂಬಂಧಿಕರು ದೂರಿತ್ತರೆ 17ನೇ ಕಲಮಿನಡಿ ಪಾಲಕರನ್ನು ತೆಗೆದುಹಾಕಬಹುದು. ಆಗ ಈ ನೋಟಬುಕ್ಕೇ ಕೈಹಿಡಿಯುವುದು.

ಕುಟುಂಬ ಪಿಂಚಣಿಯ ಮಾತು. ದುಡಿದು ತಿನ್ನಲಾಗದ ವಿಕಲಚೇತನ ಮಗ ಅಥವಾ ಮಗಳಿಗೆ ಕೇಂದ್ರ ಸರ್ಕಾರ ಮತ್ತು ರೈಲ್ವೆಯ ನಿಯಮದಲ್ಲಿ ಜೀವನಪರ್ಯಂತ ಕುಟುಂಬ ಪಿಂಚಣಿ ಇದೆ. ಆದರೆ "ಶೇ 75 ವಿಕಲತೆ" ಎಂಬ ಕಾರ್ಡ್ ಒಂದೇ ಸಾಲದು. ಈ ವಿಕಲತೆಯಿಂದಾಗಿ ಜೀವನೋಪಾಯಕ್ಕೆ ದುಡಿಯಲು ಆಗುವುದಿಲ್ಲ ಎಂದು ವೈದ್ಯಕೀಯ ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಪಿಂಚಣಿದಾರರು ಬದುಕಿರುವಾಗಲೇ ಮಗನ ಹೆಸರು ಕುಟುಂಬದ ವಿವರದಲ್ಲಿ ಸೇರಿಸಿ, ಅವನ ಪರವಾಗಿ ಹಣ ಪಡೆಯುವವರು ಯಾರೆಂದು ಬರೆದುಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಅಪ್ಪ ಬರೆದುಕೊಡದೆ ಹೋಗಿದ್ದರೆ ಅವ್ವ ಕೊಡಬಹುದು. ಸಮಿತಿಯ ಪಾಲಕ ಪತ್ರವೂ ನಡೆಯುತ್ತದೆ. ಅವ್ವನೂ ಹೋದ ಮೇಲೆ ಅಣ್ಣ-ತಮ್ಮಂದಿರು ಕಡತ ಹುಡುಕಲು ಕೂತರೆ ಆಗ ನೋಡ್ರಿ ಫಜೀತಿ.

ಹೊಲದ ವಿಷಯ ಒಂದೇ ಮಾತು: ವಾಟ್ನಿ (ಆಸ್ತಿ ಪಾಲು) ಆಗುವಾಗ "ಅವಂಗ್ಯಾಕ ಉತಾರದಾಗ (ಪಹಣಿಯಲ್ಲಿ) ಹೆಸರು" ಎಂದು ಹಕ್ಕುಬಿಟ್ಟ ಪತ್ರಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿದರೆ ಆ ಪತ್ರ ಮುಂದೆ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಆ ಹೊಲ ಕೊಂಡವನೂ ಕೆಡುತ್ತಾನೆ.

ಎಲ್ಲರಿಗೂ ಪಾಲಕರು ಬೇಕು ಅಂತಲೂ ಇಲ್ಲ. ತನ್ನ ಹಣದ ಅರಿವಿದ್ದು, ಸಹಿ ಹಾಕಿ ಪಾಸ್‌ಬುಕ್ ನಡೆಸಬಲ್ಲ ಮಗಳ ಮೇಲೆ ಪಾಲಕರನ್ನು ಹೇರುವುದು ಅವಳ ಹಕ್ಕು ಕಸಿದಂತೆ. ಪಾಲಕರು ನಿಜಕ್ಕೂ ಬೇಕೋ, ಯಾವುದಕ್ಕೆ ಬೇಕೋ ಎಂದು ಸಮಿತಿಯೂ ನೋಡಲೇಬೇಕು.

ಈಗಾಗಲೇ ಯಾರಾದರೂ ಏಜಂಟನ ಕೈಗೆ ಸಿಕ್ಕಿದ್ದರೆ, ಕೊಟ್ಟ ರೊಕ್ಕದ ಆಸೆ ಬಿಟ್ಟರೂ ಮೂಲ ಆಧಾರ್, ಪಾಸ್‌ಬುಕ್, ಸರ್ಟಿಫಿಕೇಟ್ ಮಾತ್ರ ಇವತ್ತೇ ವಾಪಸ್ ತಗೊಳ್ರಿ. ಆ ಹೆಬ್ಬೆಟ್ಟಿನ ಪತ್ರದ ಮೂಲ ಪ್ರತಿಯೂ ಅವನ ಹತ್ತಿರ ಉಳಿಯಬಾರದು.