ಚಾರ್ಟು, ಪ್ಲಾಸ್ಟಿಕ್ ಪ್ರಾಣಿ, ಚಿತ್ರಕಾರ್ಡು: ವರ್ಗೀಕರಣದ ಪಾಠಕ್ಕೆ ಯಾವುದು?

ಐದನೇ, ಆರನೇ ತರಗತಿಯ ಮಕ್ಕಳಿಗೆ ಪ್ರಾಣಿಗಳ ವರ್ಗೀಕರಣ ಕಲಿಸಲು ದುಡ್ಡು ಹಾಕುವುದಿದ್ದರೆ ಚಿತ್ರಕಾರ್ಡಿಗೆ ಹಾಕಿ. ಗೋಡೆಗೆ ತೂಗುಹಾಕುವ ಚಾರ್ಟು, ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಪ್ರಾಣಿಗಳು, ನಾವೇ ಕತ್ತರಿಸಿ ಲ್ಯಾಮಿನೇಟ್ ಮಾಡಿಸಿದ ಕಾರ್ಡು, ಈ ಮೂರನ್ನೂ ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳ ಮುಂದಿಟ್ಟು ನೋಡಿ ಹೇಳುತ್ತಿರುವ ಮಾತಿದು. ಚಾರ್ಟಿಗೆ ಕೊಟ್ಟ ದುಡ್ಡು ದಂಡ ಅನ್ನಲಾರೆ. ಆದರೆ ಪಾಠ ಅದರಿಂದ ಶುರುವಾಗಬಾರದು.

ಚಾರ್ಟಿನಲ್ಲಿ ಉತ್ತರ ಮೊದಲೇ ಅಚ್ಚಾಗಿರುತ್ತದೆ. ಮೊಸಳೆ ಸರೀಸೃಪಗಳ ಚೌಕದಲ್ಲಿ ಕೂತಿದೆ, ಮಗು ಹಾಗೇ ಬಾಯಿಪಾಠ ಮಾಡುತ್ತದೆ. ಚಾರ್ಟಿನಲ್ಲಿಲ್ಲದ ಉಡದ ಬಗ್ಗೆ ಕೇಳಿ, ತಡವರಿಸುತ್ತದೆ. ಉಭಯವಾಸಿಗಳ ಕೆಳಗೆ ಸಾಮಾನ್ಯವಾಗಿ ‘ನೀರಿನಲ್ಲೂ ನೆಲದ ಮೇಲೂ ಬದುಕುವವು’ ಅಂತ ಒಂದೇ ಸಾಲು. ಅದನ್ನು ನಂಬಿದ ಮಗು ಮೊಸಳೆ, ಆಮೆ, ಏಡಿ, ಕೊನೆಗೆ ಬಾತುಕೋಳಿಯನ್ನೂ ಕಪ್ಪೆಯ ಪಕ್ಕಕ್ಕೆ ತಂದು ಕೂರಿಸುತ್ತದೆ. ಮಗುವಿನ ತರ್ಕ ಸರಿಯಾಗೇ ಇದೆ, ಕೊಟ್ಟ ಸಾಲು ಸರಿಯಿಲ್ಲ. ಕಪ್ಪೆಯನ್ನು ಬೇರೆ ಮಾಡುವುದು ಹುರುಪೆಯಿಲ್ಲದ ಒದ್ದೆ ಚರ್ಮ, ಚಿಪ್ಪಿಲ್ಲದ ಲೋಳೆಮೊಟ್ಟೆ, ಕಿವಿರಿನಿಂದ ಉಸಿರಾಡುವ ಗೊದಮೊಟ್ಟೆ. ಅಗ್ಗದ ಚಾರ್ಟುಗಳಲ್ಲಿ ಜೇಡವನ್ನು ಕೀಟಗಳ ಸಾಲಿಗೆ ಸೇರಿಸಿರುವುದೂ ಉಂಟು. ಕೊಳ್ಳುವಾಗ ಬೇರೇನೂ ನೋಡದಿದ್ದರೂ ಅದೊಂದನ್ನು ನೋಡಿ. ದಾದರಿನ ಅಂಗಡಿಗಳಲ್ಲಿ ಕೈಗೆ ಸಿಗುವುದು ಮರಾಠಿ, ಹಿಂದಿ, ಇಂಗ್ಲಿಷಿನವು. ಕನ್ನಡದ್ದು ಬೇಕೆಂದರೆ ಊರಿಗೆ ಹೋದವರ ಕೈಯಲ್ಲಿ ತರಿಸಬೇಕು.

ಪ್ಲಾಸ್ಟಿಕ್ ಸೆಟ್ಟು ಮಕ್ಕಳಿಗೆ ತುಂಬ ಇಷ್ಟ, ಪಾಠಕ್ಕೆ ಅಷ್ಟೇನೂ ಆಗಿಬರುವುದಿಲ್ಲ. ಡಬ್ಬಿಯೇ ಪ್ರಾಣಿಗಳನ್ನು ಕಾಡಿನವು, ಸಾಕಿದವು, ಸಮುದ್ರದವು ಅಂತ ವಾಸಸ್ಥಾನದ ಮೇಲೆ ಹಂಚಿಬಿಟ್ಟಿರುತ್ತದೆ. ನಾವು ಬಿಡಿಸಬೇಕೆಂದಿರುವ ಗಂಟು ಅಲ್ಲೇ ಬಿಗಿಯಾಗುತ್ತದೆ. ಲೋಕದ ಪ್ರಾಣಿ ಪ್ರಭೇದಗಳಲ್ಲಿ ಶೇ 95ಕ್ಕಿಂತ ಹೆಚ್ಚು ಬೆನ್ನೆಲುಬಿಲ್ಲದವು. ಡಬ್ಬಿಯಲ್ಲಿ ಅವು ಒಂದೋ ಎರಡೋ. ಇದ್ದ ಜೇಡಕ್ಕೂ ಕಾಲು ಎಣಿಸಿದರೆ ಕೆಲವೊಮ್ಮೆ ಆರೇ.

ಆದರೂ ಒಂದು ಕೆಲಸ ಪ್ಲಾಸ್ಟಿಕ್ಕಿನಿಂದಲೇ ಆಗಬೇಕು. ಶಾರ್ಕ್ ಮತ್ತು ಡಾಲ್ಫಿನ್ ಗೊಂಬೆಗಳನ್ನು ಅಕ್ಕಪಕ್ಕ ಇಟ್ಟು ಬಾಲ ನೋಡಲು ಹೇಳಿ. ಶಾರ್ಕಿನದು ನೆಟ್ಟಗೆ ನಿಂತಿದೆ, ಎಡಕ್ಕೂ ಬಲಕ್ಕೂ ಬೀಸುತ್ತದೆ. ಡಾಲ್ಫಿನ್ನಿನದು ಅಡ್ಡ ಮಲಗಿದೆ, ಮೇಲೆ ಕೆಳಗೆ ಬಡಿಯುತ್ತದೆ, ಏಕೆಂದರೆ ಅದೂ ನಾಯಿಯಂತೆ ಸಸ್ತನಿ, ಓಡುವ ನಾಯಿಯ ಬೆನ್ನು ಬಾಗುವುದೂ ಮೇಲೆ ಕೆಳಗೇ. ಚಪ್ಪಟೆ ಚಿತ್ರದಲ್ಲಿ ಇದು ಕಾಣುವುದಿಲ್ಲ. ಇಡೀ ಸೆಟ್ಟು ಬೇಡ, ಕ್ರಾಫರ್ಡ್ ಮಾರ್ಕೆಟ್ ಕಡೆ ಬಿಡಿಯಾಗಿ ಸಿಕ್ಕರೆ ಇವೆರಡನ್ನೇ ತನ್ನಿ. ಡಾಲ್ಫಿನ್ ಮೀನೇ ಅಂತ ಹಟ ಹಿಡಿದ ಮಗುವನ್ನು ಗದರಬೇಡಿ. ವರ್ಗೀಕರಣಕ್ಕೆ ತಳಪಾಯ ಹಾಕಿದ ಲಿನೇಯಸ್ ಕೂಡ 1735ರಲ್ಲಿ ತಿಮಿಂಗಿಲಗಳನ್ನು ಮೀನಿನ ಜೊತೆಗೇ ಇಟ್ಟಿದ್ದ. ಸಸ್ತನಿಗಳಿಗೆ ಸೇರಿಸಿದ್ದು ಅವನ ‘ಸಿಸ್ಟೆಮಾ ನ್ಯಾಚುರೇ’ ಪುಸ್ತಕದ 1758ರ ಆವೃತ್ತಿಯಲ್ಲಿ.

ಇನ್ನು ಕಾರ್ಡು. ಒಂದು ಸೆಟ್ಟಿಗೆ 40 ಸಾಕು: ಬೆನ್ನೆಲುಬಿರುವವು 22, ಇಲ್ಲದವು 18. ಮುಂದೆ ಚಿತ್ರ, ಹಿಂದೆ ನಂಬರು ಮಾತ್ರ, ಗುಂಪಿನ ಹೆಸರು ಎಲ್ಲೂ ಬೇಡ. ಉತ್ತರದ ಪಟ್ಟಿ ಶಿಕ್ಷಕರ ಹತ್ತಿರ. ಅಳತೆ 65×95 ಮಿಲಿಮೀಟರ್ ಇಟ್ಟರೆ ಒಂದು ಎ4 ಹಾಳೆಗೆ ಎಂಟು ಕೂರುತ್ತವೆ. ಮೊದಲು ಕತ್ತರಿಸಿ, ಆಮೇಲೆ ಲ್ಯಾಮಿನೇಟ್ ಮಾಡಿಸಿ. ಪೌಚಿನೊಳಗೆ ಕಾರ್ಡಿನಿಂದ ಕಾರ್ಡಿಗೆ 6 ಮಿಲಿಮೀಟರ್ ಬಿಟ್ಟರೆ ಪ್ರತಿಯೊಂದಕ್ಕೂ ಸುತ್ತ 3 ಮಿಲಿಮೀಟರ್ ಅಂಚು ಉಳಿಯುತ್ತದೆ. ಅಂಗಡಿಯವರು ಇಡೀ ಹಾಳೆಯನ್ನೇ ಲ್ಯಾಮಿನೇಟ್ ಮಾಡಿ ಕತ್ತರಿಸಿಕೊಡಲು ನೋಡುತ್ತಾರೆ, ಬಿಡಬೇಡಿ. ಅಂಚು ತೆರೆದುಕೊಂಡರೆ ಇಲ್ಲಿನ ಮಳೆಗಾಲದ ತೇವಕ್ಕೆ ಕಾಗದ ಉಬ್ಬಿ ಪದರ ಬಿಡುತ್ತದೆ. ಮ್ಯಾಟ್ ಪೌಚು ಸಿಕ್ಕರೆ ಒಳ್ಳೆಯದು, ಹೊಳಪಿನದರ ಮೇಲೆ ಟ್ಯೂಬ್‌ಲೈಟ್ ಹೊಡೆದು ಏನೂ ಕಾಣುವುದಿಲ್ಲ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಕವಲುದಾರಿ ಬರೆದು, ಪ್ರತಿ ಕವಲಿನಲ್ಲೂ ಹೌದು-ಇಲ್ಲ ಪ್ರಶ್ನೆ ಇಡಿ. ಮೊಟ್ಟಮೊದಲ ಕವಲು ಬೆನ್ನೆಲುಬು ಇದೆಯೇ ಎಂಬುದು. ಬೆನ್ನೆಲುಬಿರುವ ಕಡೆ ಮೊದಲು ಗರಿ ಇದೆಯೇ ಅಂತ ಕೇಳಿ. ಇಂದು ಬದುಕಿರುವವುಗಳಲ್ಲಿ ಗರಿ ಇರುವುದು ಹಕ್ಕಿಗೆ ಮಾತ್ರ, ಈ ಮಾತಿಗೆ ಅಪವಾದವೇ ಇಲ್ಲ. ಇಲ್ಲಿನ ರಾಣಿಬಾಗ್ ಮೃಗಾಲಯದ ಪೆಂಗ್ವಿನ್ನೂ ಇಲ್ಲೇ ಇತ್ಯರ್ಥ. ಆಮೇಲೆ ಮರಿಗೆ ಹಾಲೂಡುತ್ತದೆಯೇ. ಬಾವಲಿ, ಚಿಪ್ಪುಹಂದಿ, ಡಾಲ್ಫಿನ್ ಹೊರಬೀಳುವುದು ಇಲ್ಲಿ. ಮೂರನೆಯದು, ಈಜುರೆಕ್ಕೆ ಮತ್ತು ಬದುಕಿಡೀ ಕಿವಿರು. ಕೊನೆಗೆ ಉಳಿದವುಗಳ ಚರ್ಮ: ಒಣ ಹುರುಪೆಯೋ, ಒದ್ದೆ ನಯವೋ. ‘ಹಾರುತ್ತದೆಯೇ’, ‘ಮೊಟ್ಟೆ ಇಡುತ್ತದೆಯೇ’ ಎಂಬ ಪ್ರಶ್ನೆಗಳನ್ನು ದಾರಿಗೆ ತರಲೇಬೇಡಿ. ಹಾವೆಲ್ಲ ಮೊಟ್ಟೆ ಇಡುತ್ತವೆ ಎಂದುಕೊಂಡರೆ ಕೊಳಕುಮಂಡಲ ಮರಿ ಹಾಕುತ್ತದೆ. ಬೆನ್ನೆಲುಬಿಲ್ಲದವುಗಳಲ್ಲಿ ಕೀಲುಗಾಲು ಎಣಿಸಿದರೆ ಮುಕ್ಕಾಲು ಕೆಲಸ ಮುಗಿಯಿತು: ಆರಾದರೆ ಕೀಟ, ಎಂಟಾದರೆ ಜೇಡ-ಚೇಳು, ಹತ್ತಾದರೆ ಏಡಿ-ಸಿಗಡಿ.

ಕಾರ್ಡು ಕೈಕೊಡುವುದು ಮೊಟ್ಟಮೊದಲ ಕವಲಿನಲ್ಲೇ. ಬೆನ್ನೆಲುಬು ಚಿತ್ರದಲ್ಲಿ ಕಾಣುವುದಿಲ್ಲ! ಹಾವು ಬಳುಕುತ್ತದೆ, ಆದ್ದರಿಂದ ಬೆನ್ನೆಲುಬಿಲ್ಲ. ಏಡಿ ಗಟ್ಟಿ, ಆದ್ದರಿಂದ ಇದೆ ಅಂತ ಮಕ್ಕಳು ನಿರ್ಧರಿಸುತ್ತಾರೆ. ಈ ಕವಲಿನಲ್ಲಿ ದಾರಿ ತಪ್ಪಿದ ಕಾರ್ಡು ಮುಂದೆ ಎಷ್ಟು ಸರಿ ಉತ್ತರ ಕೊಟ್ಟರೂ ಮನೆ ಸೇರುವುದಿಲ್ಲ. ಕಾರ್ಡಿನ ಮೂಲೆಯಲ್ಲಿ ಎಲುಬಿನ ಗುರುತು ಹಾಕಿಕೊಡಬಹುದು, ಆದರೆ ಅದು ಮತ್ತೆ ಚಾರ್ಟೇ ಆಯಿತು. ಎಲುಬನ್ನೇ ಕೈಗೆ ಕೊಡುವುದು ವಾಸಿ.

ಅದಕ್ಕೆ ಬಂಗುಡೆಯಂಥ ಮೀನಿಲ್ಲ. ಹೊಟ್ಟೆ ಶುಚಿ ಮಾಡಿ, ತಲೆ ಹಾಗೇ ಬಿಟ್ಟು, ತೆಳು ಬಟ್ಟೆಯಲ್ಲಿ ಸುತ್ತಿ ಕುದಿಯುವ ನೀರಿನಲ್ಲಿ 5–6 ನಿಮಿಷ ಇಡಿ. ಹೆಚ್ಚು ಬೆಂದರೆ ಮಣಿಗಳು ಬಿಡಿಬಿಡಿಯಾಗಿ ಉದುರುತ್ತವೆ. ತಣಿದ ಮೇಲೆ ಎರಡೂ ಬದಿಯ ಮಾಂಸ ಎತ್ತಿ, ಹಳೇ ಟೂತ್‌ಬ್ರಷ್ಷಿನಿಂದ ನಲ್ಲಿಯ ಕೆಳಗೆ ಮೆಲ್ಲಗೆ ಉಜ್ಜಿ. ಮೆಡಿಕಲ್ ಅಂಗಡಿಯ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಗಂಟೆ ಹೊತ್ತು ನೆನೆಸಿದರೆ ಬಿಳುಪಾಗುತ್ತದೆ, ವಾಸನೆಯೂ ತಗ್ಗುತ್ತದೆ; ಇದು ದೊಡ್ಡವರು ಮಾಡುವ ಕೆಲಸ. ನೆರಳಲ್ಲಿ ಪೂರ್ತಿ ಒಣಗಿಸಿ ಕಪ್ಪು ರಟ್ಟಿಗೆ ಅಂಟಿಸಿ. ಹಸಿ ಉಳಿದರೆ ಇರುವೆ ಬಿಡುವುದಿಲ್ಲ. ಬೊಂಬಿಲ್ ತರಬೇಡಿ, ಅದರ ಎಲುಬು ಮೆತ್ತಗೆ, ಉಜ್ಜುವಾಗಲೇ ಹೋಗುತ್ತದೆ. ಮುಶಿಯೂ ಬೇಡ, ಶಾರ್ಕಿನ ಬೆನ್ನೆಲುಬು ಮೃದ್ವಸ್ಥಿಯದು, ಈ ಹಂತದಲ್ಲಿ ಅದನ್ನು ವಿವರಿಸುತ್ತ ಕೂತರೆ ಪಾಠ ಹಳಿ ತಪ್ಪುತ್ತದೆ.

ಪಕ್ಕದಲ್ಲಿ ಒಂದು ಸಿಗಡಿ, ಒಂದು ಬೊಂಡಾಸ್ (ಸ್ಕ್ವಿಡ್) ಇರಲಿ. ಸಿಗಡಿಯ ಸಿಪ್ಪೆ ಬಿಡಿಸಿದರೆ ಒಳಗೆ ಎಲುಬಿಲ್ಲ, ಅದರ ಗಟ್ಟಿತನವೆಲ್ಲ ಹೊರಗಿನದು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಬೊಂಡಾಸ್ ಮಾತ್ರ ತಕರಾರಿನದು. ಅದರ ಬೆನ್ನಿನೊಳಗಿಂದ ಪಾರದರ್ಶಕವಾದ ಉದ್ದ ಪಟ್ಟಿಯೊಂದು ಈಚೆ ಬರುತ್ತದೆ, ಮಕ್ಕಳು ‘ಬೆನ್ನೆಲುಬು ಸಿಕ್ತು’ ಅಂತ ಕೂಗುತ್ತಾರೆ. ಆಗ ಎರಡನ್ನೂ ಬಾಗಿಸಿ ನೋಡಲು ಬಿಡಿ. ಪಟ್ಟಿ ಅಖಂಡ, ಎಲ್ಲೂ ಕೀಲಿಲ್ಲ. ಬಂಗುಡೆಯದು ಮಣಿಯ ಸಾಲು, ಪ್ರತಿ ಮಣಿಯ ಮೇಲ್ಬದಿಗೆ ಒಂದು ಪುಟ್ಟ ಕಮಾನು; ಅದರಡಿ ತೆಳು ಸೂಜಿ ತೂರಿಸಿ ತೋರಿಸಿದರೆ ನರದ ಹುರಿ ಹಾದುಹೋಗುವ ದಾರಿ ಕಣ್ಣಿಗೇ ಕಾಣುತ್ತದೆ. ಇಷ್ಟಾದ ಮೇಲೆ ಹಾವಿನ ಕಾರ್ಡು ತಪ್ಪುವುದು ಕಡಿಮೆ: ಮಣಿಸರ ಉದ್ದವಾದಷ್ಟೂ ಬಳುಕುತ್ತದೆ ಎನ್ನುವುದನ್ನು ಅವರೇ ಹೇಳುತ್ತಾರೆ.

ಮೀನು ಮುಟ್ಟದ ಮನೆಯ ಮಕ್ಕಳಿದ್ದರೆ ಒತ್ತಾಯ ಬೇಡ. ಬಗ್ಗಿ ನಿಂತು ತಮ್ಮದೇ ಕುತ್ತಿಗೆಯ ಹಿಂದಿನಿಂದ ಕೆಳಗೆ ಬೆರಳಾಡಿಸಲಿ, ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಲಿ. ಇನ್ನೊಂದು, ಜೂನ್ 1ರಿಂದ ಜುಲೈ ಕೊನೆಯವರೆಗಂತೂ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಶಾಲೆ ತೆರೆಯುವುದು ಆ ನಡುವೆಯೇ. ಬಂಗುಡೆಯ ಎಲುಬನ್ನು ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳಿ.

ರಾಣಿಬಾಗ್ ಪ್ರವಾಸ ಪಾಠ ಮುಗಿದ ಮೇಲೆ ಇಟ್ಟುಕೊಂಡರೆ ಉಪಯೋಗ, ಬುಧವಾರ ರಜೆ. ಮೊಬೈಲ್ ಆಟಗಳು ಒಬ್ಬರಿಗೆ ಸರಿ, ನಲವತ್ತು ಮಕ್ಕಳಿಗಲ್ಲ.

ಖರ್ಚಿನ ಮಾತು. ಪರಿಚಯದ ಅಂಗಡಿಯಲ್ಲಿ ಬಣ್ಣದ ಮುದ್ರಣ, ಲ್ಯಾಮಿನೇಶನ್ ಸೇರಿ ಒಂದು ಸೆಟ್ಟು 250 ರೂಪಾಯಿಯೊಳಗೆ ಆಗುತ್ತದೆ. ಐದೈದು ಮಕ್ಕಳಿಗೆ ಒಂದು ಸೆಟ್ಟು ಬೇಕು, ಆದ್ದರಿಂದ ದೊಡ್ಡ ತರಗತಿಗೆ ಮೊತ್ತ ಬೆಳೆಯುತ್ತದೆ. ಒಂದೇ ಸಲ ಆಗದಿದ್ದರೆ ಎರಡು ಸೆಟ್ಟಿನಿಂದ ಶುರುಮಾಡಿ. ಎರಡು ಗುಂಪು ದಾರಿ ನಡೆಯುವಾಗ ಉಳಿದವರು ಬಂಗುಡೆ, ಸಿಗಡಿಯ ಹತ್ತಿರ ಇರಲಿ. ಸಿದ್ಧತೆಗೆ ಸಂಜೆ ಬಿಡುವೇ ಇಲ್ಲದ ಶಿಕ್ಷಕರು ಚಾರ್ಟನ್ನೇ ಕೊಂಡು ಅದರ ಚಿತ್ರಗಳನ್ನು ಕತ್ತರಿಸಿಬಿಡಿ, ಕಾರ್ಡು ಸಿದ್ಧ. ಜೇಡವನ್ನು ಮಾತ್ರ ಕಾಲು ಎಣಿಸಿ ಸೇರಿಸಿ.