ಸೊಸೈಟಿ ಅಕ್ಕಿ, ಬಿಲ್ಲಿಲ್ಲದ ಟೈಲ್ಸ್: ಎರಡು ಕೌಂಟರ್‌ಗಳ ವಿಮರ್ಶೆ

ಮೈಸೂರು, ಮಂಡ್ಯ ಸೀಮೆಯಲ್ಲಿ ಸರ್ಕಾರದ ದುಡ್ಡು ಎಲ್ಲಿ ಸೋರುತ್ತದೆ ಅಂತ ಕೇಳಿದರೆ ಎಲ್ಲರ ಬೆರಳೂ ಮೊದಲು ರೇಷನ್ ಕೊಡುವ ಸೊಸೈಟಿ ಕಡೆಗೇ ಹೋಗುತ್ತದೆ. "ಕಾರು ಮಡಿಕ್ಕಂಡೋರೂ ಬಿಪಿಎಲ್ ಕಾರ್ಡು ಮಡಿಕ್ಕಂಡವ್ರೆ" ಅನ್ನುವ ಮಾತು ಸುಳ್ಳೇನಲ್ಲ. ಆದರೆ ಅದೇ ಬೀದಿಯ ಟೈಲ್ಸ್ ಅಂಗಡಿಯಲ್ಲಿ "ಬಿಲ್ ಬೇಕಾ ಸಾರ್? ಬೇಕಂದ್ರೆ ಜಿಎಸ್‌ಟಿ ಸೇರುತ್ತೆ" ಅಂದರೆ ಯಾರಿಗೂ ಸಿಟ್ಟು ಬರುವುದಿಲ್ಲ, ಉಳಿತಾಯವಾಯಿತು ಅನ್ನಿಸುತ್ತದೆ. ಗಿರಾಕಿಗಳು ನಿಲ್ಲುವ ಈ ಎರಡು ಕೌಂಟರ್‌ಗಳಲ್ಲಿ ಹೆಚ್ಚು ಕೆಟ್ಟಿರುವುದು ಯಾವುದು?

ಮೊದಲು ಸೊಸೈಟಿ. ಆಹಾರ ಭದ್ರತಾ ಕಾಯ್ದೆಯ ಲೆಕ್ಕದಲ್ಲಿ ಬಿಪಿಎಲ್ ಕಾರ್ಡಿನ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯವಾದರೆ ಕುಟುಂಬಕ್ಕೆ 35 ಕೆಜಿ. ಇದರ ಮೇಲೆ ರಾಜ್ಯದ ಅನ್ನಭಾಗ್ಯ. 2023ರ ಜುಲೈನಿಂದ ರಾಜ್ಯ ತನ್ನ ಪಾಲಿನ 5 ಕೆಜಿಗೆ ಬದಲು ಕೆಜಿಗೆ 34ರಂತೆ ತಲಾ 170 ರೂಪಾಯಿ ಹಾಕುತ್ತಿತ್ತು. 2025ರ ಫೆಬ್ರವರಿಯಿಂದ ನಗದು ಬಿಟ್ಟು ಧಾನ್ಯವನ್ನೇ ಕೊಡಲು ಶುರುಮಾಡಿತು.

ಕೌಂಟರ್‌ನ ಕೆಲಸ ಕಾಗದದ ಮೇಲೆ ಚೆನ್ನಾಗಿದೆ: ಕಾರ್ಡ್ ನಂಬರ್ ಹೊಡೆದು, ಹೆಬ್ಬೆಟ್ಟು ಒತ್ತಿಸಿ, ಮಿಷನ್‌ನಿಂದ ರಸೀದಿ ಹರಿದು, ಅಕ್ಕಿ ತೂಗಿ ಕೊಡಬೇಕು. ಕೆಡುವುದು ಈ ಕ್ರಮ ತಪ್ಪಿದಾಗ. "ಇವತ್ತು ಥಂಬ್ ಕೊಟ್ಹೋಗಿ, ಅಕ್ಕಿ ನಾಳಿದ್ದು" ಅಂದರೆ ಲೆಕ್ಕದಲ್ಲಿ ನಿಮ್ಮ ಅಕ್ಕಿ ಆಗಲೇ ಹೋಗಿಬಿಟ್ಟಿದೆ. ಆಮೇಲೆ ಕಡಿಮೆ ಕೊಟ್ಟರೂ ಸಾಬೀತು ಮಾಡಲು ಏನೂ ಉಳಿದಿರುವುದಿಲ್ಲ. ಥಂಬ್, ತೂಕ, ರಸೀದಿ ಮೂರೂ ಒಂದೇ ಸಲ ಆಗಬೇಕು. ಥಂಬ್‌ಗೆ ಅಂತ ಹತ್ತಿಪ್ಪತ್ತು ರೂಪಾಯಿ ಕೇಳುವುದಕ್ಕೆ ಯಾವ ನಿಯಮವೂ ಇಲ್ಲ. ದೂರಿಗೆ 1967. ಕಬ್ಬು ಕಡಿಯುವವರ, ಆಲೆಮನೆಯಲ್ಲಿ ದುಡಿಯುವವರ ಬೆರಳಿನ ಗೆರೆ ಸವೆದು ಮಿಷನ್ ಒಪ್ಪದೇ ಹೋಗುವುದುಂಟು. ಆಗ ವಾಪಸ್ ಕಳಿಸದೆ ಒಟಿಪಿಯಂಥ ಬೇರೆ ದಾರಿ ನೋಡಬೇಕು.

ಈಗ ಸುಳ್ಳು ಕಾರ್ಡಿನ ನಷ್ಟ. ಸರ್ಕಾರವೇ ಕಟ್ಟಿದ್ದ ಆ 34 ರೂಪಾಯಿಯನ್ನೇ ಹಿಡಿಯೋಣ. ನಾಲ್ಕು ಜನರ ಮನೆಗೆ ತಲಾ 10 ಕೆಜಿ ಅಂತ ಹಿಡಿದರೆ ತಿಂಗಳಿಗೆ 40 ಕೆಜಿ, ಅಂದರೆ 1,360 ರೂಪಾಯಿ; ವರ್ಷಕ್ಕೆ 16,320. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಇದಕ್ಕೆ ಸೇರಿಸುವುದು ತಪ್ಪು. ಅದಕ್ಕೆ ಬಿಪಿಎಲ್ಲೇ ಆಗಬೇಕೆಂದಿಲ್ಲ, ಎಪಿಎಲ್ ಕಾರ್ಡಿನ ಯಜಮಾನಿಗೂ ಸಿಗುತ್ತದೆ. ಆಕೆ ಅಥವಾ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು, ಅಷ್ಟೆ.

ಇನ್ನು ಆ ಕಡೆಯ ಕೌಂಟರ್. ಮನೆ ರಿಪೇರಿಗೆ 3 ಲಕ್ಷದ ಟೈಲ್ಸ್, ಬಣ್ಣ, ಬಾತ್‌ರೂಮ್ ಸಾಮಾನು ಕೊಂಡರೆ 18 ಪರ್ಸೆಂಟ್‌ನಂತೆ ತೆರಿಗೆ 54,000. ಬಿಲ್ ಬದಲು "ಎಸ್ಟಿಮೇಟ್" ಅಂತ ಬರೆದ ಬಿಳಿ ಚೀಟಿ ಕೈಗೆ ಬಂದರೆ, ಆ ಒಂದೇ ವ್ಯಾಪಾರದಲ್ಲಿ ಹೋಗುವುದು ಒಂದು ಸುಳ್ಳು ಕಾರ್ಡಿನ ಮೂರು ವರ್ಷದ ಅಕ್ಕಿಗಿಂತ ಹೆಚ್ಚು. 18ರಲ್ಲಿ 9 ರಾಜ್ಯದ ಪಾಲು, ಅನ್ನಭಾಗ್ಯಕ್ಕೆ ದುಡ್ಡು ಹೊಂದಿಸುವ ಅದೇ ಬೊಕ್ಕಸದ್ದು.

"ಅಂಗಡಿಯವನು ಸರಕು ತರುವಾಗಲೇ ತೆರಿಗೆ ಕಟ್ಟಿರುತ್ತಾನಲ್ಲ, ನಷ್ಟ ಅವನ ಲಾಭದ ಮೇಲಿನ ತೆರಿಗೆಯಷ್ಟೇ ತಾನೆ?" ಅಂತ ವ್ಯಾಪಾರ ಬಲ್ಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಬಿಲ್ ಹಾಕಿ ತಂದ ಸರಕು ಬಿಲ್ ಇಲ್ಲದೆ ಹೋದರೆ ಪುಸ್ತಕದಲ್ಲಿ ಸ್ಟಾಕ್ ಹಾಗೇ ಉಳಿದುಬಿಡುತ್ತದೆ. ಅದನ್ನು ಕರಗಿಸಲು ಇನ್ಯಾರಿಗೋ ಸರಕಿಲ್ಲದ ಬರೀ ಬಿಲ್ ಮಾರುವ ದಂಧೆ ಇದೆ. ಕೊಂಡವನು ಆ ಬಿಲ್ ತೋರಿಸಿ ಇನ್‌ಪುಟ್ ಕ್ರೆಡಿಟ್ ಪಡೆಯುತ್ತಾನೆ, ಅಂದರೆ ಬಿಲ್‌ನಲ್ಲಿರುವ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ಇಲ್ಲಿ ಬಿಲ್ಲಿಲ್ಲದ ಸರಕು, ಅಲ್ಲಿ ಸರಕಿಲ್ಲದ ಬಿಲ್. ಇದರ ಜೊತೆಗೆ ಮುಚ್ಚಿಟ್ಟ ಲಾಭದ ಮೇಲಿನ ಆದಾಯ ತೆರಿಗೆಯೂ ಹೋಯಿತು.

ನಮ್ಮ ತೀರ್ಪು ತೆರಿಗೆಗಳ್ಳತನದ ವಿರುದ್ಧ. ಅದಕ್ಕೆ ಮೊತ್ತಕ್ಕಿಂತ ದೊಡ್ಡ ಕಾರಣವೊಂದಿದೆ. ಬಿಪಿಎಲ್‌ಗೆ ಅಡ್ಡಿಯಾಗುವ ಅಂಶಗಳನ್ನು ನೋಡಿ: ವರ್ಷಕ್ಕೆ 1.20 ಲಕ್ಷ ಮೀರಿದ ವರಮಾನ, ಸರ್ಕಾರಿ ನೌಕರಿ, ಆದಾಯ ತೆರಿಗೆ ಅಥವಾ ಜಿಎಸ್‌ಟಿ ಪಾವತಿ, ಸ್ವಂತ ಓಡಾಟದ ಕಾರು, 3 ಹೆಕ್ಟೇರ್ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ, ಪಟ್ಟಣದಲ್ಲಿ 1,000 ಚದರಡಿ ಮೀರಿದ ಪಕ್ಕಾ ಮನೆ. ಕಂಪ್ಯೂಟರ್‌ನಲ್ಲಿ ಥಟ್ಟನೆ ಸಿಕ್ಕಿಬೀಳುವುದು ಸಂಬಳ ಮತ್ತು ತೆರಿಗೆಯ ದಾಖಲೆ ಇದ್ದವರು. ಕಚ್ಚಾ ಚೀಟಿಯಲ್ಲೇ ವಹಿವಾಟು ಮುಗಿಸುವವನಿಗೆ ವರಮಾನವೇ ಇಲ್ಲ, ಕಾಗದದಲ್ಲಿ ಅವನು ಬಡವ. ಅಂದರೆ ತೆರಿಗೆಯ ಕಳ್ಳತನವೇ ಸುಳ್ಳು ಕಾರ್ಡಿಗೆ ಅರ್ಹತೆ ಕೊಡುತ್ತದೆ. 2024ರ ನವೆಂಬರ್‌ನಲ್ಲಿ ಕಾರ್ಡುಗಳ ಜರಡಿ ಹಿಡಿದಾಗ ಅರ್ಹರ ಕಾರ್ಡೂ ಎಪಿಎಲ್‌ಗೆ ಹೋಗಿ ಗಲಾಟೆಯಾಯಿತು. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರದನ್ನು ಸರ್ಕಾರ ವಾಪಸ್ ಕೊಡಬೇಕಾಯಿತು. ಲೆಕ್ಕವನ್ನೇ ಕೊಡದವರು ಆ ಜರಡಿಗೆ ಬೀಳುವುದೇ ಇಲ್ಲ.

ಶಿಕ್ಷೆಯೂ ಸಮನಿಲ್ಲ. ತಪ್ಪು ಕಾರ್ಡಿನವರಿಗೆ ಕಾರ್ಡ್ ರದ್ದು, ತಿಂದ ಅಕ್ಕಿಗೆ ವಸೂಲಿ. ಬೇಕೆಂದೇ ಜಿಎಸ್‌ಟಿ ತಪ್ಪಿಸಿದವನು ನೋಟಿಸ್‌ಗೆ ಮೊದಲೇ ಒಪ್ಪಿಕೊಂಡರೆ ತೆರಿಗೆ, ಬಡ್ಡಿ, ಮೇಲೆ 15 ಪರ್ಸೆಂಟ್ ದಂಡ ಕಟ್ಟಿ ಎದ್ದು ಬರಬಹುದು. ಜಾಮೀನಿಲ್ಲದ ಕೇಸಾಗಬೇಕಾದರೆ ಮೊತ್ತ 5 ಕೋಟಿ ದಾಟಿರಬೇಕು.

ಹಾಗಂತ ಬಿಲ್ ಕೊಡದವರೆಲ್ಲ ಕಳ್ಳರಲ್ಲ. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಡ. ಹೋಟೆಲ್ ಊಟ ಸೇವೆಯ ಲೆಕ್ಕಕ್ಕೆ ಬರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸ್ ಹೋದಾಗ ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರೂ ಬೆದರಿ "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ಹುಡುಕಬೇಕಾದ್ದು ಅಲ್ಲಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡಿ ಕಟ್ಟದೇ ಇರುವುದು. ಇದರ ಸುಳಿವು ಹಿಡಿಯುವುದು ಸುಲಭ. ಬಿಲ್‌ನಲ್ಲಿ 15 ಅಕ್ಷರದ ಜಿಎಸ್‌ಟಿ ನಂಬರ್ ಇರಬೇಕು. ಕರ್ನಾಟಕದ್ದಾದರೆ 29ರಿಂದ ಶುರು, ಮುಂದಿನ ಹತ್ತು ಪ್ಯಾನ್ ನಂಬರ್. ಜಿಎಸ್‌ಟಿ ಪೋರ್ಟಲ್‌ನ "ಸರ್ಚ್ ಟ್ಯಾಕ್ಸ್‌ಪೇಯರ್" ಪುಟದಲ್ಲಿ ಅದನ್ನು ಹಾಕಿದರೆ ಲಾಗಿನ್ ಇಲ್ಲದೆಯೇ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್ ಯಾವತ್ತು ಹಾಕಿದ್ದಾರೆ ಎಲ್ಲ ಕಾಣುತ್ತದೆ. "ಕಾಂಪೊಸಿಷನ್" (ಸಣ್ಣ ವ್ಯಾಪಾರಿ ತನ್ನ ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆಯನ್ನು ತಾನೇ ಕಟ್ಟುವ ಪದ್ಧತಿ) ಅಂತ ಬಂದರೆ ಆ ಅಂಗಡಿ ಗಿರಾಕಿಯಿಂದ ತೆರಿಗೆ ಪಡೆಯುವಂತೆಯೇ ಇಲ್ಲ. ಅಂಥ ಹೋಟೆಲ್ ಬಿಲ್‌ನಲ್ಲಿ 5 ಪರ್ಸೆಂಟ್ ಸೇರಿಸಿದ್ದರೆ ಅಲ್ಲೇ ತೆಗೆಸಿ. ಮಂಡ್ಯದಲ್ಲಿ ಬೆಲ್ಲ ಕೊಳ್ಳುವವರು ಇದನ್ನೂ ಗಮನಿಸಬೇಕು: 25 ಕೆಜಿವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್ ಬೆಲ್ಲಕ್ಕೆ 5 ಪರ್ಸೆಂಟ್ ಉಂಟು, ಬಿಡಿಯಾಗಿ ತೂಗಿಕೊಡುವ ಅಚ್ಚು ಬೆಲ್ಲಕ್ಕೆ ತೆರಿಗೆಯೇ ಇಲ್ಲ.